ಭಟ್ಟಿ ತರಲು ಜರ್ಮನಿಗೆ

ನಾನು ಹೆಚ್ಚು ಬಾಯಿ ಬಿಡುವವಳಲ್ಲ. ಬಾಯಿ ಬಿಡದವರಿಗೆ ನಗೆಪಾಟಲಿನಿಂದ ವಿನಾಯಿತಿ ಇದೆ ಅಂತ ಯಾರಾದರೂ ತಿಳಿದಿದ್ದರೆ ಅದು ತಪ್ಪು. ಅಪ್ಪನ ಜೊತೆ ಹೊಸ್ತಿಲು ದಾಟಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಕುವೈತಿನ ತರಕಾರಿ ಅಂಗಡಿಯಲ್ಲಿ ಆಗಿದೆ, ಬಸ್ಸಿನಲ್ಲಿ ಆಗಿದೆ. ತೊಂಬತ್ತೊಂದರ ನವೆಂಬರ್ ಕೊನೆಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋದಾಗಲೂ ಆಯಿತು. ಅಲ್ಲಿ ಚಳಿ ಬೇರೆ.

ಹೋದದ್ದೇನೂ ತಮಾಷೆಗಲ್ಲ. ಅಪ್ಪ ಧಾರವಾಡದ ಕಡೆಯವರು, ಕುವೈತಿನ ಫರ್ವಾನಿಯಾದ ಒಂದು ಬೇಕರಿಯಲ್ಲಿ ಮೆಕ್ಯಾನಿಕ್. ನಾನು ಅದೇ ಬೇಕರಿಯ ಆಫೀಸಿನಲ್ಲಿ ಟೈಪಿಸ್ಟ್. ತೊಂಬತ್ತರ ಆಗಸ್ಟ್ ಎರಡರಂದು ಇರಾಕಿನ ಆಕ್ರಮಣವಾದಾಗ ಎಲ್ಲರಂತೆ ನಾವೂ ಊರಿಗೆ ಓಡಿಬಂದಿದ್ದೆವು. ಯುದ್ಧ ಮುಗಿದ ಮೇಲೆ ವಾಪಸ್ ಹೋಗಿ ನೋಡಿದರೆ ಬೇಕರಿ ಇತ್ತು, ಬ್ರೆಡ್ಡು ಬೇಯಿಸುವ ಭಟ್ಟಿ ಇರಲಿಲ್ಲ. ಯಾರೋ ಬುಡಸಮೇತ ಕಿತ್ತೊಯ್ದಿದ್ದರು. ಭಟ್ಟಿಯಿಲ್ಲದ ಬೇಕರಿಗೆ ಮೆಕ್ಯಾನಿಕ್ ಯಾಕೆ, ಟೈಪಿಸ್ಟ್ ಯಾಕೆ? ನಮ್ಮ ಕಫೀಲ್, ಅಂದರೆ ನಮ್ಮ ಹೊಣೆ ಹೊತ್ತ ಕುವೈತಿ ಯಜಮಾನರು, ನೇರವಾಗಿಯೇ ಹೇಳಿದ್ದರು: "ಭಟ್ಟಿ ಬಂದರೆ ನಿಮ್ಮ ಇಕಾಮಾ ರಿನ್ಯೂ ಮಾಡಿಸ್ತೀನಿ. ಬರದಿದ್ದರೆ ಖಲಾಸ್. ಬೇಕರಿ ಮುಚ್ಚಿ ನಾನು ಮನೆಗೆ, ನೀವು ಊರಿಗೆ." ಇಕಾಮಾ ಅಂದರೆ ನಮ್ಮಂಥವರು ಅಲ್ಲಿರಲು ಬೇಕಾದ ಪರವಾನಗಿ.

ಸ್ಟುಟ್‌ಗಾರ್ಟಿನ ಫ್ಯಾಕ್ಟರಿಯೊಂದರಲ್ಲಿ ಒಂದೇ ಒಂದು ಭಟ್ಟಿ ಸಿದ್ಧವಾಗಿ ನಿಂತಿತ್ತು. ಅದು ತಪ್ಪಿದರೆ ಮುಂದಿನ ವರ್ಷದ ಮಾತು. ಅದನ್ನು ನೋಡಲು ಶುಕ್ರವಾರ ಇನ್ನೊಬ್ಬ ಗಿರಾಕಿ ಬರುವವನಿದ್ದ. ಹಾಗಾಗಿ ಅದಕ್ಕೂ ಮೊದಲು ನಾವು ಮೂವರು ಹೋಗಿ ಇಳಿದೆವು. ಭಟ್ಟಿ ಪರೀಕ್ಷಿಸಲು ಅಪ್ಪ, ವ್ಯಾಪಾರ ಕುದುರಿಸಲು ಕಫೀಲ್, ಇಬ್ಬರ ಮಾತನ್ನೂ ಇಂಗ್ಲಿಷಿಗೆ ತಿರುಗಿಸಲು ನಾನು. ಕಫೀಲ್ ಹರೆಯದಲ್ಲಿ ಬಾಂಬೆಯಲ್ಲಿ ವ್ಯಾಪಾರ ಮಾಡಿದವರು, ಅವರದು ಬಾಂಬೆ ಹಿಂದಿ. ಅಪ್ಪನದು ಧಾರವಾಡ ಹಿಂದಿ. ನನ್ನದು ಕಾನ್ವೆಂಟ್ ಮೌನ.

ಯಾರ ಬಾವಿ?

ರೈಲಿಳಿದು ಹೊರಗೆ ಬಂದಾಗ ಇನ್ನೂ ಮಧ್ಯಾಹ್ನ. ಆಗಲೇ ಬೀದಿದೀಪ ಹತ್ತಿತ್ತು. ಆಕಾಶ ಬೂದಿ ಬಳಿದಂತಿತ್ತು. ಮರದ ಮೇಲೆ ಎಲೆಯೇ ಇಲ್ಲ, ಎಲ್ಲ ಕೆಳಗೆ ಬಿದ್ದು ಒದ್ದೆಯಾಗಿ ಚಪ್ಪಲಿಗೆ ಅಂಟುತ್ತಿತ್ತು. ಕಫೀಲ್ ತಲೆಯೆತ್ತಿ ನೋಡಿ ಕೇಳಿದರು: "ಇಲ್ಲಿ ಯಾರ ಬಾವಿಗೆ ಬೆಂಕಿ ಬಿದ್ದಿದೆ?"

ಆ ವರ್ಷ ಕುವೈತಿನಲ್ಲಿ ಎಣ್ಣೆ ಬಾವಿಗಳು ತಿಂಗಳುಗಟ್ಟಲೆ ಉರಿದಿದ್ದವು. ಒಣಗಲು ಹಾಕಿದ ಬಟ್ಟೆ, ಬಾಗಿಲಿನ ಹಿಡಿ, ಎಲ್ಲದರ ಮೇಲೂ ಜಿಡ್ಡು ಮಸಿ. ಏನೇ ಮುಟ್ಟುವ ಮೊದಲು ಒಂದು ಬೆರಳು ಎಳೆದು ನೋಡುವುದು ನಮಗೆಲ್ಲ ಅಭ್ಯಾಸವಾಗಿಹೋಗಿತ್ತು.

ಫ್ಯಾಕ್ಟರಿಯ ಮ್ಯಾನೇಜರ್ ತಮ್ಮ ಕಾರಿನಲ್ಲಿ ಕರೆದೊಯ್ಯಲು ಬಂದಿದ್ದರು. ಅಪ್ಪ ಕೈಕುಲುಕಿದರು, ಕಾರಿನ ಬಾನೆಟ್ ಮೇಲೆ ಬೆರಳು ಎಳೆದರು, ಬೆರಳನ್ನು ಕಣ್ಣ ಹತ್ತಿರ ತಂದು ನೋಡಿದರು. ಕಫೀಲ್ ಕಾರಿನ ತಲೆಯ ಮೇಲೆ ಎಳೆದರು. ಇಬ್ಬರೂ ಒಬ್ಬರ ಬೆರಳು ಇನ್ನೊಬ್ಬರು ನೋಡಿ ತಲೆಯಾಡಿಸಿದರು. ಇಷ್ಟು ಸ್ವಚ್ಛವೇ!

ಮ್ಯಾನೇಜರ್ ಕೆಂಪಾದರು. "ನಿನ್ನೆ ತಾನೇ ತೊಳೆದದ್ದು," ಅಂದರು ನನಗೆ. ನಮ್ಮವರಿಬ್ಬರೂ ಹೊಗಳುತ್ತಿದ್ದಾರೆ ಎಂದು ನಾನು ಹೇಳಬೇಕಿತ್ತು. ವಾಕ್ಯ ನನ್ನ ತಲೆಯಲ್ಲಿ ಗ್ರಾಮರ್ ಸಮೇತ ಸಿದ್ಧವಾಗುವಷ್ಟರಲ್ಲಿ ಕಾರು ಅರ್ಧ ಊರು ದಾಟಿತ್ತು.

ಮರುದಿನ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಅಪ್ಪ ಮತ್ತೆ ಬೆರಳು ಎಳೆದರು. ಅದರ ಮರುದಿನದಿಂದ ಮ್ಯಾನೇಜರ್ ಕಾರು ತರಲಿಲ್ಲ. ಟ್ರಾಮ್ ಬಹಳ ಅನುಕೂಲ, ಅದರಲ್ಲೇ ಬನ್ನಿ ಅಂದರು.

ತುಂಬಿದ ತೊಟ್ಟಿ

ನಾವು ಇಳಿದುಕೊಂಡದ್ದು ಒಬ್ಬ ಅಜ್ಜಿ ನಡೆಸುತ್ತಿದ್ದ ಸಣ್ಣ ವಸತಿಗೃಹದಲ್ಲಿ. ಕೋಣೆಗೆ ಕಾಲಿಟ್ಟ ಅಪ್ಪ ಮೊದಲು ಮಾಡಿದ ಕೆಲಸ, ಸ್ನಾನದ ತೊಟ್ಟಿಗೆ ಬಿರಡೆ ಹಾಕಿ ಕಂಠಮಟ್ಟ ನೀರು ತುಂಬಿಸಿದ್ದು. ಆಮೇಲೆ ಲೋಟಗಳು, ಫ್ಲಾಸ್ಕು, ಹೂವಿಲ್ಲದ ಹೂದಾನಿ. ಆಕ್ರಮಣದ ಆಗಸ್ಟಿನಲ್ಲಿ ಕಲಿತ ಪಾಠ ಅದು, ನಲ್ಲಿಯಲ್ಲಿ ನೀರು ಬರುವಾಗಲೇ ಹಿಡಿದಿಡಬೇಕು.

"ಅಪ್ಪಾ, ದಿಸ್ ಈಸ್ ಜರ್ಮನಿ," ಅಂದೆ.

"ಇರಲಿ ಬಿಡವಾ. ಜರ್ಮನಿ ನೀರೂ ನೀರಽ."

ಬೆಳಿಗ್ಗೆ ನಾವು ಹೊರಗೆ ಹೋದಾಗ ಅಜ್ಜಿ ಬಂದು ಬಿರಡೆ ತೆಗೆದು ಖಾಲಿ ಮಾಡುವುದು, ಸಂಜೆ ಬಂದು ಅಪ್ಪ ತುಂಬಿಸುವುದು. ಎರಡು ಸಲ ಹೀಗಾದ ಮೇಲೆ ಅಜ್ಜಿ ತೊಟ್ಟಿಯ ಬಿರಡೆ ಬಿಗಿಯಾಗಿ ನಮಗೆ ತೆಗೆಯಲಾಗುತ್ತಿಲ್ಲ ಅಂದುಕೊಂಡು ನಲ್ಲಿ ರಿಪೇರಿಯವನನ್ನು ಕರೆಸಿದರು. ಅವನು ಬಗ್ಗಿ, ಎದ್ದು, ಎಲ್ಲ ಸರಿಯಾಗಿದೆ ಅಂದ. ನಾನು ನೆಲ ನೋಡಿಕೊಂಡು ವಿಷಯ ಹೇಳಿದೆ. ಅವನು ನಕ್ಕ. ಏನೋ ಹೇಳಿದ, ಅಜ್ಜಿ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದರು: ಈ ಊರಲ್ಲಿ ನಲ್ಲಿ ನೀರು ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

"ಹೇಳವಾ ಇವಗ," ಅಂದರು ಅಪ್ಪ, "ಒಂದನೇ ಆಗಸ್ಟಿನ ತನಕಾ ನಾವೂ ಹಿಂಗಽ ಮಾತಾಡ್ತಿದ್ವಿ ಅಂತ."

ಹೇಳಿದೆ. ರಿಪೇರಿಯವನಿಗೆ ಅರ್ಥವಾಗಲಿಲ್ಲ. ಅಜ್ಜಿ ಮಾತ್ರ ನಗಲಿಲ್ಲ. ಆಕೆ ಇಂಗ್ಲಿಷ್ ಕಲಿತದ್ದೇ ತನ್ನ ಕಾಲದ ಯುದ್ಧ ಮುಗಿದ ಮೇಲೆ ಅಮೆರಿಕನ್ ಸಿಪಾಯಿಗಳ ಬಟ್ಟೆ ಒಗೆಯುತ್ತ.

ಮರುದಿನ ತೊಟ್ಟಿ ಖಾಲಿಯಾಗಿರಲಿಲ್ಲ. ಪಕ್ಕದಲ್ಲಿ ಇನ್ನೂ ಎರಡು ಬಕೆಟ್ ತುಂಬಿಸಿ ಇಟ್ಟಿದ್ದರು. ಅಪ್ಪ ತೃಪ್ತಿಯಿಂದ ನೋಡಿ, "ಈ ಊರಾಗ ಶಾಣ್ಯಾಕಿ ಈಕಿ ಒಬ್ಬಾಕಿ," ಅಂದರು. ಸ್ನಾನಕ್ಕೆ ಮಾತ್ರ ಯಾರೂ ಆ ತೊಟ್ಟಿಗೆ ಇಳಿಯುವಂತಿರಲಿಲ್ಲ.

ಬೇಡ ಅನ್ನುವ ಮರ್ಯಾದೆ

ಮಂಗಳವಾರ ಫ್ಯಾಕ್ಟರಿ ಆಫೀಸಿನಲ್ಲಿ ಮ್ಯಾನೇಜರ್ ಕಾಫಿ ಮತ್ತು ಬಿಸಿ ಆಪಲ್ ಕೇಕ್ ತರಿಸಿದರು. ದಾಲ್ಚಿನ್ನಿ ಪರಿಮಳ. ನಮಗೆ ಬೆಳಗಿನಿಂದ ಸರಿಯಾದ ಊಟವಿಲ್ಲ.

"ತಗೊಳ್ತೀರಾ?"

"ಬ್ಯಾಡ್ರಿ, ಬ್ಯಾಡ್ರಿ," ಅಂದರು ಅಪ್ಪ ಕೈಮುಗಿದು. ಕಫೀಲ್ ಎದೆಯ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದರು. ನಾನು "ನೋ, ಥ್ಯಾಂಕ್ಯೂ" ಅಂದೆ. ಮೂರು ಸಲವಾದರೂ ಕೇಳಿಸಿಕೊಳ್ಳದೆ ತಟ್ಟೆಗೆ ಕೈಹಾಕಿದರೆ ಧಾರವಾಡದಲ್ಲೂ ಮರ್ಯಾದೆಯಲ್ಲ, ಕುವೈತಿನಲ್ಲೂ ಅಲ್ಲ.

ಮ್ಯಾನೇಜರ್ "ಸರಿ" ಅಂದು ತಟ್ಟೆಯನ್ನು ಒಳಗೆ ಕಳಿಸಿಬಿಟ್ಟರು.

ನಮ್ಮ ಮೂವರ ಕಣ್ಣೂ ಕೇಕಿನ ಹಿಂದೆ ಬಾಗಿಲವರೆಗೆ ಹೋಗಿ ಬಂದವು. ಅಪ್ಪ ನನ್ನ ಕಿವಿಯಲ್ಲಿ, "ಇಂವ ಇನ್ನೊಮ್ಮೆ ಕೇಳೂದಿಲ್ಲೇನು?"

"ಇಲ್ಲಪ್ಪ, ಇವರು ಒಂದೇ ಸಲ ಕೇಳೋದು."

"ಹಂಗಾರ ಇನ್ನ ಮ್ಯಾಲೆ ಅಂವ ಏನ ಕೇಳಲಿ, ಮೊದಲನೇ ಮಾತಿಗೇ ಹೂಂ ಅನ್ನೂದು. ತಿಳೀತಿಲ್ಲೊ?" ಕಫೀಲರಿಗೂ ಹಿಂದಿಯಲ್ಲಿ ಅದೇ ಉಪದೇಶವಾಯಿತು. ಅವರೂ ಒಪ್ಪಿದರು.

ಮ್ಯಾನೇಜರ್ ನಮ್ಮ ಸೊರಗಿದ ಮುಖಗಳನ್ನು ನೋಡಿದರು. "ನಿಮಗೆಲ್ಲ ಪ್ರಯಾಣದ ಆಯಾಸ ಅನ್ನಿಸುತ್ತೆ. ನಾಳೆ ನನಗೆ ಬೇರೆ ಕೆಲಸವಿದೆ. ಭಟ್ಟಿಯ ಮಾತುಕತೆ ಗುರುವಾರಕ್ಕೆ ಇಟ್ಟುಕೊಳ್ಳೋಣವಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತು, "ಯೆಸ್ ಯೆಸ್! ಪ್ಲೀಸ್!" ಅಂದರು. ಕಫೀಲ್ ಕೂಡ, "ಯೆಸ್!"

ಶುಕ್ರವಾರ ಇನ್ನೊಬ್ಬ ಗಿರಾಕಿ. ಗುರುವಾರ ನಮ್ಮ ಮಾತುಕತೆ. ಸುಮ್ಮನೆ ಕಳೆಯಬೇಕಾದ ಬುಧವಾರವಿಡೀ ಅಪ್ಪ ಕೋಣೆಯ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದರು. ಕಫೀಲ್ ಪಕ್ಕದ ಕೋಣೆಯಲ್ಲಿ ಜಪಮಾಲೆ ಉರುಳಿಸುವ ಟಕಟಕ ಗೋಡೆಯಾಚೆಗೂ ಕೇಳುತ್ತಿತ್ತು. ನಾನು ಒಂದೇ ಪುಟವನ್ನು ಮತ್ತೆ ಮತ್ತೆ ಓದಿದೆ. ಕೊನೆಗೆ ಅಪ್ಪ ನಿಂತು, "ಅವ್ವಾ," ಅಂದರು. ಇಕಾಮಾದ ಮಾತು ಬಂತು ಅಂತ ನಾನು ಪುಸ್ತಕ ಮುಚ್ಚಿದೆ.

"ಆ ಕೇಕು ಬಿಸೀದಿತ್ತಲ್ಲ?"

ಕಟಕ ರೊಟ್ಟಿ

ಗುರುವಾರ ಭಟ್ಟಿ ಹೊತ್ತಿಸಿ ತೋರಿಸಿದರು. ಉರುಟು ಕಪ್ಪು ಬ್ರೆಡ್ಡು ಹೊರಬಂತು. ಕಫೀಲ್ ಅದರ ಬೆನ್ನು ಬೆರಳಗಂಟಿನಿಂದ ತಟ್ಟಿದರು, ಟೊಕ್ ಟೊಕ್. "ಇದು ತಿನ್ನೋದಕ್ಕಾ, ಗೋಡೆ ಕಟ್ಟೋದಕ್ಕಾ?" ಅಂತ ನನ್ನನ್ನು ಕೇಳಿದರು. ಮ್ಯಾನೇಜರ್ ಖುಷಿಯಾಗಿ ತಾವೂ ತಟ್ಟಿದರು. ಅವರಲ್ಲಿ ಬ್ರೆಡ್ಡು ಬೆಂದಿದೆಯೇ ಅಂತ ನೋಡುವುದೇ ಹಾಗಂತೆ. ಈ ಯಜಮಾನರಿಗೆ ಎಷ್ಟು ಚೆನ್ನಾಗಿ ಕಸುಬು ಗೊತ್ತು ಅಂತ ಹೊಗಳಿದರು.

ಅಪ್ಪ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ದವಡೆ ನಿಂತಿತು. ಕಣ್ಣು ತುಂಬಿತು. "ಅವ್ವಾ, ಇದು ನಮ್ಮ ಕಟಕ ರೊಟ್ಟಿ ಆತು!" ಒಣಗಿಸಿಟ್ಟ ಗಟ್ಟಿ ಜೋಳದ ರೊಟ್ಟಿಗೆ ನಮ್ಮ ಕಡೆ ಹಾಗನ್ನುವುದು.

ಅಪ್ಪನ ಕೋಟಿನ ಜೇಬಿನಲ್ಲಿ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ಸದಾ ಇರುತ್ತದೆ. ಅದು ಹೊರಬಂತು. ಎಣ್ಣೆ ಬೇಕು ಅಂತ ಸನ್ನೆ ಮಾಡಿದರು, ಬೆಣ್ಣೆ ಬಂತು. ಬ್ರೆಡ್ಡಿಗೆ ಬೆಣ್ಣೆ, ಬೆಣ್ಣೆಯ ಮೇಲೆ ಹಿಂಡಿ, ಹಾಗೇ ಮ್ಯಾನೇಜರರ ಕೈಗೆ. ಅವರು ದೊಡ್ಡ ತುತ್ತೇ ಹಾಕಿಕೊಂಡರು. ಖಾರ ಏರಿ ಕಿವಿ ಕೆಂಪಾಗಿ, ಮೂಗಿನಲ್ಲಿ ನೀರಿಳಿದು, ಅವರು ಭಟ್ಟಿಯ ಕಡೆ ಗಾಬರಿಯಿಂದ ನೋಡಿದರು. ಆಮೇಲೆ ನನ್ನನ್ನು ಮೆಲ್ಲಗೆ ಕೇಳಿದರು: "ನಿಮ್ಮ ತಂದೆಯವರು ಭಟ್ಟಿಯ ಬಿಸಿ ಸಾಲದು ಅನ್ನುತ್ತಿದ್ದಾರಾ?"

ಎದ್ದು ಹೋಗುವ ವಿದ್ಯೆ

ಭಟ್ಟಿ ಅಪ್ಪನಿಗೆ ಮೆಚ್ಚುಗೆಯಾಯಿತು. ಉಳಿದದ್ದು ಬೆಲೆ. ಮ್ಯಾನೇಜರ್ ಹೇಳಿದ ಬೆಲೆ ನ್ಯಾಯವಾಗಿಯೇ ಇದೆ, ಕೊಡಬಹುದು ಅಂತ ಕಫೀಲರೇ ನಮ್ಮ ಹತ್ತಿರ ಒಪ್ಪಿದರು. "ಆದರೆ ಹೇಳಿದ ಬೆಲೆಗೆ ಹೂಂ ಅಂದರೆ ಅವನಿಗೂ ಅವಮಾನ, ನನಗೂ ಅವಮಾನ. ಸ್ವಲ್ಪ ಇಳಿಸು ಅಂತ ಹೇಳು ಬೇಟಿ."

ಹೇಳಿದೆ. "ಬೆಲೆ ಅಂದರೆ ಬೆಲೆ," ಅಂದರು ಮ್ಯಾನೇಜರ್.

"ಹಾಗೋ? ಖಲಾಸ್!" ಕಫೀಲ್ ಧಡಕ್ಕನೆ ಎದ್ದರು. "ಯಲ್ಲಾ, ಉಸ್ತಾದ್," ಅಂದರು ಅಪ್ಪನಿಗೆ. "ಈಗ ಹೊರಗೆ ನಡೀಬೇಕು. ಯಾರೂ ತಿರುಗಿ ನೋಡಬಾರದು. ಮೆಟ್ಟಿಲು ಇಳಿಯೋದರೊಳಗೆ ಕರೀತಾನೆ."

ಮೆಟ್ಟಿಲು ಇಳಿದೆವು. ಕರೆಯಲಿಲ್ಲ.

ಅಂಗಳದಲ್ಲಿ ಕಫೀಲರ ನಡಿಗೆ ಮದುವೆ ಮೆರವಣಿಗೆಯಷ್ಟು ನಿಧಾನವಾಯಿತು. ಹಿಂದೆ ಬರುತ್ತಿದ್ದವಳು ನಾನು. "ಬೇಟಿ, ಬರ್ತಿದಾನಾ?"

ಓರೆಗಣ್ಣಿನಿಂದ ನೋಡಿದೆ. "ಇಲ್ಲ. ಕಿಟಕಿಯಲ್ಲಿ ನಿಂತಿದ್ದಾರೆ."

"ನಿಂತಿರಲಿ. ಒದ್ದಾಡ್ತಿದಾನೆ."

ಗೇಟು ದಾಟಿದೆವು. ಮಳೆ ಶುರುವಾಯಿತು, ಸೂಜಿಯಂಥ ತಣ್ಣನೆ ಮಳೆ. ಅಪ್ಪ ನಡುಗುವ ದನಿಯಲ್ಲಿ, "ಅವ್ವಾ, ಇಂವ ಕರೀಲಿಲ್ಲಂದ್ರ? ನಾಳೆ ಆ ಇನ್ನೊಬ್ಬಾಂವ ಬರ್ತಾನಲ್ಲ? ನಾ ಹೋಗಿ ಕಾಲ ಹಿಡೀಲೇನು?"

"ಉಸ್ತಾದ್, ಚುಪ್!" ಅಂದರು ಕಫೀಲ್. ಆದರೆ ಅವರ ಮುಖವೂ ಬಿಳುಪೇರಿತ್ತು. ಟ್ರಾಮಿನ ನಿಲ್ದಾಣಕ್ಕೆ ಬಂದು ನಿಂತೆವು. ಅವರ ದನಿ ಈಗ ಬಹಳ ಸಣ್ಣದಾಗಿತ್ತು. "ಬೇಟಿ, ಒಮ್ಮೆ ನೋಡು."

ನೋಡಿದೆ. "ಬರ್ತಿದ್ದಾರೆ! ಓಡಿ ಬರ್ತಿದ್ದಾರೆ!"

"ಯಾರೂ ನಗಬೇಡಿ," ಅಂತ ಕಫೀಲ್ ಹಲ್ಲುಕಚ್ಚಿ ಹೇಳಿ, ಬಾರದ ಟ್ರಾಮನ್ನೇ ದಿಟ್ಟಿಸುತ್ತ ನಿಂತರು.

ಮ್ಯಾನೇಜರ್ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ದೊಡ್ಡದೊಂದು ಕಪ್ಪು ಕೊಡೆ. ಅದನ್ನು ಬಿಚ್ಚಿ ಕಫೀಲರ ಕೈಗೆ ಕೊಟ್ಟು, "ನೆನೆಯಬೇಡಿ. ಇದು ನಿಮಗೇ, ವಾಪಸ್ ಕೊಡೋದು ಬೇಡ. ಶುಭ ಪ್ರಯಾಣ," ಅಂದು ಹೊರಡಲು ತಿರುಗಿದರು.

"ಏನಂದ? ಎಷ್ಟು ಇಳಿಸಿದ?"

"ಇಳಿಸಲಿಲ್ಲ," ಅಂದೆ. "ಕೊಡೆ ನಿಮಗೇ ಅಂತೆ."

ಕಫೀಲ್ ಕೊಡೆಯನ್ನು ನೋಡಿದರು. ಒಳಗಿನ ಕಡ್ಡಿ ನೋಡಿದರು, ಹಿಡಿ ನೋಡಿದರು. "ಮುಫ್ತ್? ಭಟ್ಟಿಯ ಮೇಲೆ?"

"ಕೊಸರು!" ಅಪ್ಪ ಕೂಗಿಯೇಬಿಟ್ಟರು. ಸೊಪ್ಪಿನವಳು ಕಟ್ಟಿನ ಮೇಲೆ ಎಸೆಯುವ ನಾಲ್ಕೆಸಳು ಕೊತ್ತಂಬರಿ ಇದೆಯಲ್ಲ, ಅದು. ಅದು ಬಿದ್ದಮೇಲೆ ವ್ಯಾಪಾರ ಮುಗಿದ ಹಾಗೆ, ಮತ್ತೆ ಚೌಕಾಸಿ ಮಾಡುವವನು ಮನುಷ್ಯನೇ ಅಲ್ಲ. ಈ ಕಾನೂನು ಧಾರವಾಡಕ್ಕೆ ಹೇಗೋ ಕುವೈತಿಗೂ ಹಾಗೇ. ಕಫೀಲ್ ನಾಲ್ಕೇ ಹೆಜ್ಜೆಯಲ್ಲಿ ಮ್ಯಾನೇಜರರನ್ನು ಹಿಡಿದು, ಅವರ ಕೈಯನ್ನು ಎರಡೂ ಕೈಯಿಂದ ಕುಲುಕಿ, "ಯೆಸ್! ಭಟ್ಟಿ ಯೆಸ್!" ಅಂದರು. ಹೇಳಿದ ಬೆಲೆಗೇ.

ಮ್ಯಾನೇಜರ್ ಕೈ ಕೊಟ್ಟುಕೊಂಡೇ ನನ್ನನ್ನು ಕೇಳಿದರು: "ಈಗ ಮನಸ್ಸು ಬದಲಾದದ್ದು ಹೇಗೆ?"

"ಕೊಡೆಯಿಂದ," ಅಂದೆ.

ಅವರು ಕಕ್ಕಾಬಿಕ್ಕಿಯಾದರು. "ಮಳೆ ಬರುತ್ತಿತ್ತಲ್ಲ! ಯಾರಿದ್ದರೂ ಕೊಡುತ್ತಿದ್ದೆ."

"ಏನಂದ?" ಅಂತ ಕಫೀಲ್. ನಾನು ಬಾಯಿ ತೆರೆದೆ. ಅಷ್ಟು ಇಂಗ್ಲಿಷ್ ಅಪ್ಪನಿಗೂ ಬರುತ್ತಿತ್ತು. ನನ್ನ ಕಾಲನ್ನು ಬೂಟಿನಿಂದ ಒತ್ತಿ ಹಿಡಿದು, ತಾವೇ ಹಿಂದಿಯಲ್ಲಿ ಉತ್ತರ ಕೊಟ್ಟರು: "ಸಾಹೇಬ್, ತಮ್ಮನ್ನು ಗೇಟಿನ ಹೊರಗೂ ಹೀಗೆ ಓಡಿಬರುವಂತೆ ಮಾಡಿದ ಗಿರಾಕಿ ಇಷ್ಟು ವರ್ಷದಲ್ಲಿ ನೀವೊಬ್ಬರೇ ಅಂತಿದಾರೆ."

ಕಫೀಲ್ ಕೊಡೆಯನ್ನು ಇನ್ನೂ ಒಂದು ಗೇಣು ಎತ್ತರಕ್ಕೆ ಹಿಡಿದರು. ತೊಯ್ದು ತೊಪ್ಪೆಯಾಗಿದ್ದ ಮ್ಯಾನೇಜರರ ಬೆನ್ನು ತಟ್ಟಿ, "ಬೇಜಾರು ಮಾಡ್ಕೋಬೇಡ ಅಂತ ಹೇಳು ಬೇಟಿ," ಅಂದರು. "ನಮ್ಮ ಹವಲ್ಲಿ ಬಜಾರಿನ ಕಾರ್ಪೆಟ್ ವ್ಯಾಪಾರಿಗಳೇ ನನ್ನ ಮುಂದೆ ನಿಲ್ಲೋದಿಲ್ಲ. ಇವನು ಪಾಪ, ಎಷ್ಟು ಹೊತ್ತು ನಿಂತಾನು!"