ಒಂದೂವರೆ ಇಂಚಿನ ಕನ್ನಡಿ

ಟೈಲರ್ ಎಂಟು ತಿಂಗಳು ಗಾಜು ಉಜ್ಜಿ ಮಾಡಿದ ಟೆಲಿಸ್ಕೋಪಿನಲ್ಲಿ ಚಂದ್ರ ಮೊದಲ ಸಲ ಕಂಡಾಗ, ನೂರು ಸಲ ಒಗೆದ ಬನಿಯನ್ನಿನ ಹಾಗಿದ್ದ.

ಮರುದಿನ ಬೆಳಗಾಗುತ್ತಲೇ ಅಕ್ಕನಿಗೆ ಫೋನು ಮಾಡಿದ. ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು.

“ಕೊಳವೆ ಬಾಯಲ್ಲಿ ಓರೆಯಾಗಿ ಕೂರಿಸಿದೀಯಲ್ಲ, ಆ ಚಿಕ್ಕ ಕನ್ನಡಿ ಎಷ್ಟಗಲ ಇದೆ?”

“ಮೂರಿಂಚು. ದೊಡ್ಡದಾದಷ್ಟೂ ಒಳ್ಳೇದು ಅಂತ ಮೇಲಿನ ಮನೆ ಓವರ್‌ಸಿಯರ್ ಹೇಳಿದ್ರು.”

“ಅವರ ತಲೆ! ಕೆಳಗಿನ ಕನ್ನಡಿ ಇರೋದೇ ಆರಿಂಚು. ಬರೋ ಬೆಳಕಿಗೆ ಅಡ್ಡ ನಿಂತು ಕಾಲು ಪಾಲು ಇದೇ ನುಂಗುತ್ತೆ. ಉಳಿದದ್ದೂ ಚದುರಿ, ಕಪ್ಪು ಯಾವುದು ಬಿಳುಪು ಯಾವುದು ಗೊತ್ತಾಗಲ್ಲ. ಒಂದೂವರೆ ಇಂಚಿಂದು ಹಾಕು. ಅದಕ್ಕಿಂತ ಚಿಕ್ಕದು ಬೇಡ, ಅಂಚಿನ ಬೆಳಕು ತಪ್ಪಿಹೋಗುತ್ತೆ.”

ಸಂಜೆ ಚಂದ್ರನನ್ನು ತೋರಿಸುತ್ತೇನೆಂದು ಟೈಲರ್ ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದ. ಅಂಗಡಿಗೆ ಬೀಗ ಜಡಿದು, ಕತ್ತರಿಸುವಾಗ ಎರಡು ಕನ್ನಡಿ ಒಡೆದು, ಮಧ್ಯಾಹ್ನದ ಹೊತ್ತಿಗೆ ಮೂರನೆಯದನ್ನು ಕೂರಿಸಿದ. ಪರೀಕ್ಷೆಗೆಂದು ತಾರಸಿಯಿಂದ ದೂರದ ಕಟ್ಟಡವೊಂದರತ್ತ ತಿರುಗಿಸಿದ. ಇಟ್ಟಿಗೆಗಳನ್ನು ಎಣಿಸಬಹುದಿತ್ತು! ಕೊಳವೆಯನ್ನು ಕೂದಲೆಳೆಯಷ್ಟು ಮೇಲೆತ್ತಿದ.

“ಅಯ್ಯಯ್ಯೋ! ಓವರ್‌ಸಿಯರ್ ತಲೆಕೆಳಗಾಗಿ ಕುಣೀತಿದಾರೆ!”

ಆ ಟೆಲಿಸ್ಕೋಪಿನಲ್ಲಿ ಎಲ್ಲವೂ ತಲೆಕೆಳಗೇ. ಆದರೆ ಕುಣಿತ ನಿಜ. ಸೊಂಟನೋವಿನ ಚಿಕಿತ್ಸೆಗೆಂದು ದಿನಾ ಗೋಡೆ ಹಿಡಿದುಕೊಂಡು ಹೊರಡುತ್ತಿದ್ದ ಮನುಷ್ಯ, ಆ ಕಟ್ಟಡದ ಮಹಡಿಯ ಮೇಲೆ ನಾಲ್ವರು ಹೆಂಗಸರ ನಡುವೆ ಬುಗುರಿಯಂತೆ ಸುತ್ತುತ್ತಿದ್ದ.

ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದ ಓವರ್‌ಸಿಯರನ ಹೆಂಡತಿ ಟೈಲರನನ್ನು ಆಚೆ ತಳ್ಳಿ ಕಣ್ಣಿಟ್ಟಳು. ಕೈಯಲ್ಲಿದ್ದ ಬಕೆಟ್ಟು ದಬ್ಬೆಂದು ಬಿತ್ತು.

“ಮೂರು ತಿಂಗಳಿಂದ ಆ ಸೊಂಟಕ್ಕೆ ಎಣ್ಣೆ ತಿಕ್ತಿದೀನಲ್ರೀ ನಾನು!”

ಓವರ್‌ಸಿಯರ್ ಮನೆಗೆ ಬಂದ ಮೇಲೆ ಆದ ಗಲಾಟೆ ಬೀದಿಯ ಕೊನೆಯವರೆಗೂ ಕೇಳಿಸಿತು. ಕೊನೆಗೆ ಅವನು ಟೈಲರನ ಬಾಗಿಲಿಗೆ ಬಂದು ಹಲ್ಲು ಕಡಿದ: “ದೊಡ್ಡ ಕನ್ನಡೀನೇ ಇರ್ಲಿ ಅಂತ ನಾನು ಯಾಕೆ ಬಡ್ಕೊಂಡೆ ಅಂತ ಈಗ ಗೊತ್ತಾಯ್ತೇನಯ್ಯಾ?”



ಸಂಜೆ ಮೆಟ್ಟಿಲ ಮೇಲೆ ಧಡಧಡ ಸದ್ದು. ಇಡೀ ಬೀದಿಯೇ ತಾರಸಿಗೆ ಹತ್ತಿ ಬರುತ್ತಿತ್ತು. ಮುಂದೆ, ನೋಟ್‌ಬುಕ್ ಹಿಡಿದ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಟೈಲರ್ ಕೊಳವೆಯನ್ನು ಅಪ್ಪಿ ಹಿಡಿದ.

“ತಪ್ಪಾಯ್ತಮ್ಮಾ. ಈಗಲೇ ಹಳೇ ದೊಡ್ಡ ಕನ್ನಡಿ ಹಾಕ್ಬಿಡ್ತೀನಿ. ಇನ್ಮೇಲೆ ಯಾರ ಮನೇನೂ ಸರಿಯಾಗಿ ಕಾಣಲ್ಲ.”

“ಹಾಕಿದ್ರೆ ನೋಡಿ ಮತ್ತೆ!” ಆಕೆ ಗದರಿದರು. “ನಾವು ಬಂದಿರೋದೇ ಸರದಿ ಗೊತ್ತುಮಾಡೋಕೆ. ದಿನಾ ಸಂಜೆ ಒಂದು ಮನೆಗೆ. ಇವತ್ತು ನಂದು. ಹಿಂದಿನ ಬೀದಿ ಕಡೆ ತಿರುಗಿಸಿ, ಆ ಹಸಿರು ಕಿಟಕಿ.”

ತಲೆಯ ಮೇಲೆ ಅರ್ಧಚಂದ್ರ ಥಳಥಳಿಸುತ್ತಿದ್ದ. ಯಾರೂ ಕತ್ತೆತ್ತಲಿಲ್ಲ.

“ಅಮ್ಮಾ, ಚಂದ್ರನ್ನ ನೋಡೋಕೆ ನನಗೂ ಒಂದು ಸಂಜೆ...”

“ಇದೆಯಪ್ಪಾ, ನಿಮಗೂ ಬರ್ದಿದೀನಿ.” ಹೆಡ್‌ಮಿಸ್ಟ್ರೆಸ್ಸು ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದರು. “ಹಾಂ, ಇಲ್ಲಿದೆ. ಅಮಾವಾಸ್ಯೆ ದಿನ.”