ಇದ್ದೂ ಇಲ್ಲದ ಗ್ರಾಫಿಕ್ಸ್ ಲೈಬ್ರರಿಯವರಿಗೆ

ಮಾನ್ಯರೇ,

ನಮ್ಮ ಹಜಾರದ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನ ಯಾವುದೋ ಫೋಲ್ಡರಿನೊಳಗಿನ ಫೋಲ್ಡರಿನಲ್ಲಿ ತಾವು ಸುಖವಾಗಿ ಬಿಡಾರ ಹೂಡಿರುವಿರೆಂದು ನಂಬಿ, ಅಥವಾ ಹೂಡಿಲ್ಲವೆಂದು ತಿಳಿದು, ಎರಡಕ್ಕೂ ಸಲ್ಲುವಂತೆ ನಮಸ್ಕಾರಗಳನ್ನು ಅರ್ಪಿಸುತ್ತಿದ್ದೇನೆ. ಜೆರಾಕ್ಸ್ ಅಂಗಡಿ ನಡೆಸುವ ನನ್ನಂಥವಳು ತಮ್ಮಂಥ ದೊಡ್ಡವರಿಗೆ ನೇರವಾಗಿ ಬರೆಯುವುದು ಅಧಿಕಪ್ರಸಂಗವೇ ಸರಿ. ಆದರೆ ಗೇಮುಗಳ ಚಿತ್ರವನ್ನು ಪರದೆಯ ಮೇಲೆ ಮೂಡಿಸುವವರು ತಾವು. ಅದು ಮೂಡದಿದ್ದರೆ ಬೇರೆ ಯಾರ ಬಾಗಿಲು ತಟ್ಟಲಿ?

ನಮ್ಮ ಮಾವನವರು ಗೋದಾಮಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಕಳೆದ ವರ್ಷ ಲಕ್ವ ಹೊಡೆದು ಬಲಗೈ ಬೆರಳುಗಳು ಮುದುಡಿಕೊಂಡವು. ಅಂಗಿಯ ಗುಂಡಿಯನ್ನೂ ನಾನೋ ನನ್ನ ಗಂಡನೋ ಹಾಕಬೇಕು. ಹಾಕಿ ಮುಗಿಯುವವರೆಗೆ ಅವರು ಗೋಡೆ ನೋಡುತ್ತ ನಿಂತಿರುತ್ತಿದ್ದರು. ಫಿಸಿಯೋ ಹುಡುಗಿ ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು "ನಾನೇನು ತೊಟ್ಟಿಲ ಕೂಸಾ?" ಎಂದು ಮಂಚದಡಿಗೆ ಉರುಳಿಸಿಬಿಟ್ಟರು. ಆಕೆಯೇ ಸೋತು, "ಕ್ರೇನ್ ಓಡಿಸೋ ಗೇಮ್ ಒಂದಿದೆ, ಕೀಬೋರ್ಡಲ್ಲಿ ಆಡೋದು, ಬೆರಳಿಗೆ ಒಳ್ಳೇದು" ಎಂದಾಗ ಮಾವ ತಲೆಯೆತ್ತಿ, "ಎಷ್ಟು ಟನ್ನಿಂದು?" ಎಂದು ಕೇಳಿದರು. ಅವರು ಏನನ್ನಾದರೂ ಕೇಳಿ ಎಷ್ಟೋ ತಿಂಗಳಾಗಿತ್ತು.

ಅಂಗಡಿಯಿಂದ ಮನೆಗೆ ತಂದ ಹಳೆಯ ಕಂಪ್ಯೂಟರಿಗೆ ನನ್ನ ಮೈದುನ ವಿಂಡೋಸ್ ಬದಲು ಲಿನಕ್ಸ್ ಹಾಕಿ, "ಅತ್ತಿಗೆ, ಇನ್ನು ಇದಕ್ಕೆ ಸಾವಿಲ್ಲ" ಎಂದು ಹರಸಿ ಊರಿಗೆ ಹೋದ. ಗೇಮ್ ಇಳಿಸಿ ಕ್ಲಿಕ್ ಮಾಡಿದೆ, ಏನೂ ಆಗಲಿಲ್ಲ. ಕಪ್ಪು ಕಿಟಕಿಯಲ್ಲಿ ಕಮಾಂಡ್ ಕೊಟ್ಟು ವಿಚಾರಿಸಿದಾಗ, ತಾವು ಸಿಗುತ್ತಿಲ್ಲವೆಂಬ ಒಂದೇ ಸಾಲು ಬಂತು. ಹುಡುಕಿದರೆ ತಾವು ಅಲ್ಲೇ ಇದ್ದೀರಿ, ಅದೇ ಹೆಸರಿನಲ್ಲಿ, ಯಜಮಾನರಂತೆ. ಗೇಮು ಮೂವತ್ತೆರಡು ಬಿಟ್ಟಿನ ಕಾಲದ್ದು, ತಾವು ಅರವತ್ತನಾಲ್ಕು ಬಿಟ್ಟಿನವರು, ಆದ್ದರಿಂದ ಅದೇ ಹೆಸರಿನ ತಮ್ಮ ಕಿರಿಯ ಸಹೋದರರೇ ಬರಬೇಕು ಎಂಬ ಸಣ್ಣ ಸಂಗತಿಯನ್ನು ಬಾಯಿಬಿಟ್ಟು ಹೇಳದ ತಮ್ಮ ಗಾಂಭೀರ್ಯಕ್ಕೆ ಮನಸೋತೆ.

ಅಂತರ್ಜಾಲದ ಸಹಾಯದ ವೇದಿಕೆಗಳ ಮಹನೀಯರನ್ನೂ ಇಲ್ಲಿ ನೆನೆಯಬೇಕು. ಒಬ್ಬರು "ಇದಕ್ಕೆ ಆಗಲೇ ಉತ್ತರ ಕೊಟ್ಟಾಗಿದೆ" ಎಂದರು, ಎಲ್ಲಿ ಎಂದು ಹೇಳಲಿಲ್ಲ. ನನ್ನದೇ ತೊಂದರೆ ಅನುಭವಿಸಿದ್ದ ಇನ್ನೊಬ್ಬರು "ಸರಿಹೋಯಿತು, ಧನ್ಯವಾದ" ಎಂದಷ್ಟೇ ಬರೆದು ಲೋಕದಿಂದಲೇ ಕಣ್ಮರೆಯಾಗಿದ್ದರು.

ಕಿರಿಯರನ್ನು ಕರೆದರೆ ಅವರು ಷಡ್ಡಕರನ್ನು, ಅಂದರೆ ಜೊತೆಗೆ ಬೇಕಾದ ಇನ್ನೊಂದು ಫೈಲನ್ನು, ಬಿಟ್ಟು ಬರುವುದಿಲ್ಲ, ಷಡ್ಡಕರು ಹಳೆಯ ಆವೃತ್ತಿಯ ಸೋದರತ್ತೆಯಿಲ್ಲದೆ ಕದಲುವುದಿಲ್ಲ, ಸೋದರತ್ತೆ ಒಳಗೆ ಬರಬೇಕಾದರೆ ಮನೆಯಲ್ಲಿರುವ ಹೊಸ ಆವೃತ್ತಿಯವರು ಹೊರಡಬೇಕು, ಒಪ್ಪಿಗೆಯೇ ಎಂದು ಕಂಪ್ಯೂಟರ್ ಕೇಳಿತು. ನೆಂಟರ ವಿಷಯದಲ್ಲಿ ತಕರಾರೇಕೆಂದು "ಹೌದು" ಒತ್ತಿದೆ. ಡೆಸ್ಕ್‌ಟಾಪೇ ಗಂಟುಮೂಟೆ ಕಟ್ಟಿತು. ಉಳಿದದ್ದು ಕಪ್ಪು ಪರದೆ ಮತ್ತು ಮಿಟುಕುವ ಒಂದು ಗೆರೆ.

ನಾನು ಮೊಬೈಲಿನಲ್ಲಿ ರಿಪೇರಿಯ ಕಮಾಂಡ್ ನೋಡಿಕೊಂಡು ಒಂದು ಅಕ್ಷರ ಓದಿ ಒಂದು ಅಕ್ಷರ ಒತ್ತುವುದನ್ನು ಕಂಡು ಮಾವನವರಿಗೆ ಬೇಸರ ಬಂತು. "ನೀ ಓದಮ್ಮ, ನಾ ಒತ್ತತೀನಿ" ಎಂದು ಕುರ್ಚಿ ಎಳೆದುಕೊಂಡರು. ಮೊದಲು ಒಂದೇ ಬೆರಳು, ಅದೂ ನಡುಗುವ ಬೆರಳು. ಚುಕ್ಕಿಯ ಬದಲು ಅಲ್ಪವಿರಾಮ ಬಿದ್ದು ಎಲ್ಲ ಹಾಳಾಗುತ್ತಿತ್ತು, ಅವರು, ಮಾನ್ಯರೇ, ತಮ್ಮನ್ನೇ ಬೈದು ಮತ್ತೆ ಶುರುಮಾಡುತ್ತಿದ್ದರು. ಬೈಗುಳಗಳನ್ನು ಗೌರವದ ದೃಷ್ಟಿಯಿಂದ ಇಲ್ಲಿ ಬಿಟ್ಟಿದ್ದೇನೆ. ದಿನ ಕಳೆದಂತೆ ಎರಡನೇ ಬೆರಳೂ ಇಳಿಯಿತು, ಆಮೇಲೆ ಹೆಬ್ಬೆರಳು. ಡೆಸ್ಕ್‌ಟಾಪ್ ಮರಳಿತು. ಕೊನೆಗೊಂದು ಸಂಜೆ, ಮೂವತ್ತೆರಡು ಬಿಟ್ಟಿನವರಿಗೂ ಪ್ರವೇಶವಿದೆಯೆಂದು ಮಾವನವರೇ ಕಮಾಂಡ್ ಒತ್ತಿದ ಮೇಲೆ ತಮ್ಮ ಬಳಗವೆಲ್ಲ ಸದ್ದಿಲ್ಲದೆ ಬಂದಿಳಿಯಿತು.

ಗೇಮು ತೆರೆಯಿತು. ಹಳದಿ ಕ್ರೇನು, ಸಾಲು ಪೆಟ್ಟಿಗೆಗಳು. ಮಾವ ಒಂದು ಪೆಟ್ಟಿಗೆ ಎತ್ತಿದರು, ಹುಬ್ಬು ಗಂಟಿಕ್ಕಿದರು. "ಕೆಳಗೆ ಜನ ನಿಂತಿರೋವಾಗ ಪೆಟ್ಟಿಗೆ ಎತ್ತೋಕೆ ಬಿಡ್ತಾರಲ್ಲ, ಇವರಿಗೆ ಲೈಸೆನ್ಸ್ ಕೊಟ್ಟೋರು ಯಾರು?" ಎಂದು ಗೇಮನ್ನು ಅಳಿಸಿಹಾಕಿ ಎದ್ದರು.

ಮರುದಿನ ಬೆಳಿಗ್ಗೆ ಅಂಗಿ ತೊಟ್ಟೇ ಕೋಣೆಯಿಂದ ಬಂದರು. ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿ ಕೂತಿದ್ದವು. ಸರಿಪಡಿಸಲು ಕೈ ಚಾಚಿದ ನನ್ನ ಗಂಡನ ಕಾಲು ತುಳಿದೆ.

ಆದಕಾರಣ, ಮಾನ್ಯರೇ, ನನ್ನ ದೂರು ತಾವು ಕಾಣೆಯಾದದ್ದರ ಬಗ್ಗೆ ಅಲ್ಲ, ಸಿಕ್ಕಿದ್ದರ ಬಗ್ಗೆ. ಮಾವ ಈಗ ಕೆಲಸವಿಲ್ಲದೆ ಕೂತಿದ್ದಾರೆ. ದಯಮಾಡಿ ಮತ್ತೆ ಕಾಣೆಯಾಗಿ, ಒಬ್ಬ ನೆಂಟರ ಹಿಂದೆ ಒಬ್ಬರಂತೆ, ಕಮಾಂಡುಗಳು ಆದಷ್ಟು ಉದ್ದವಿರುವಂತೆ. ಸಾಧ್ಯವಾದರೆ ಕಿರುಬೆರಳಿಗೂ ಕೆಲಸ ಸಿಗಲಿ. ಅದೊಂದು ಇನ್ನೂ ಮುದುಡಿಕೊಂಡೇ ಇದೆ.

ಬೇರೆ ದಾರಿ ಕಾಣದೆ,
ತಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯವಳು

ಮರೆತ ಮಾತು: ಇವತ್ತು ಅಪ್‌ಡೇಟ್ ಮಾಡುವಾಗ "ಇವು ಇನ್ನು ಯಾರಿಗೂ ಬೇಕಿಲ್ಲ, ತೆಗೆಯಬಹುದೇ?" ಎಂಬ ಪ್ರಶ್ನೆಯ ಕೆಳಗೆ ತಮ್ಮ ಸಹೋದರರ ಹೆಸರೇ ಮೊದಲಿಗಿತ್ತು. ಇಂಥ ಮರ್ಯಾದೆ ಎಲ್ಲರಿಗೂ ದಕ್ಕುವುದಿಲ್ಲ. "ಹೌದು" ಒತ್ತಲು ಮಾವನವರನ್ನು ಕರೆದಿದ್ದೇನೆ. ಕಿರುಬೆರಳಲ್ಲೇ ಒತ್ತುತ್ತೇನೆಂದು ಹಟ ಹಿಡಿದು ಕೂತಿದ್ದಾರೆ. ಸ್ವಲ್ಪ ತಡವಾಗಬಹುದು, ತಾವು ಕಾಯಬೇಕು.