ಮ್ಯೂಸಿಯಮ್ಮಿನಲ್ಲಿ ಅಮೆರಿಕ, ಮನೆಯಲ್ಲಿ ಅತ್ತೆ

ಕೆಲವರಿಗೆ ಶೀತ ಬೇಗ ಹಿಡಿಯುತ್ತೆ, ನನಗೆ ಫಜೀತಿ. ಸ್ಟಾಕ್‌ಹೋಮಿನ ಪುಟ್ಟ ಮ್ಯೂಸಿಯಂ ಒಂದರಲ್ಲಿ ಗೈಡ್ ಆಗಿದ್ದಾಗಲಂತೂ ವಾರಕ್ಕೊಂದು ತಪ್ಪುತ್ತಿರಲಿಲ್ಲ. ಎರಡು ಸಾವಿರದ ಆರೋ ಏಳೋ ಇರಬೇಕು. ಯಜಮಾನರಿಗೆ ಅಲ್ಲೇ ಕಿಸ್ಟಾ ಬಡಾವಣೆಯಲ್ಲಿ ಟೆಲಿಕಾಂ ಕೆಲಸ. ನಾನು ಮನೆಯಲ್ಲಿ ಕೂತು ಬೇಜಾರಾಗಿ ಸ್ವೀಡಿಷ್ ಕಲಿತೆ, ಆ ಧೈರ್ಯದ ಮೇಲೆ ಅರ್ಜಿ ಹಾಕಿದೆ, ಅವರೂ ತಗೊಂಡುಬಿಟ್ಟರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದವರು ಕಂಡುಹಿಡಿದ ಸಾಮಾನುಗಳ ಪ್ರದರ್ಶನ. ಬಂದವರಿಗೆ ವಿವರಿಸೋದು ನನ್ನ ಪಾಲು. "ಆರು ತಿಂಗಳು ನೋಡ್ತೀವಿ. ಆಮೇಲೆ ಕಾಯಂ, ಇಲ್ಲಾಂದ್ರೆ ಇಲ್ಲ," ಅಂತ ಮುಖ್ಯಸ್ಥೆ ಮೊದಲ ದಿನವೇ ಹೇಳಿದ್ದರು.

ಹೆಣದ ಜಗಳ

ಒಂದು ಶುಕ್ರವಾರ ಯಜಮಾನರ ಟೀಮಿನವರೆಲ್ಲ ಬಂದರು. ಎಲ್ಲರೂ ಟೆಲಿಫೋನ್ ಎಕ್ಸ್‌ಚೇಂಜಿಗೆ ಪ್ರೋಗ್ರಾಂ ಬರೆಯೋ ಪಂಡಿತರು. ನಾನು ಸ್ವಲ್ಪ ಜಂಬದಿಂದಲೇ ಶುರು ಮಾಡಿದೆ.

"ಆಗೆಲ್ಲ ಎಕ್ಸ್‌ಚೇಂಜಲ್ಲಿ ಕೂತ ಹೆಂಗಸರೇ ಲೈನ್ ಕೊಡಬೇಕಿತ್ತು. ಅಮೆರಿಕದ ಒಂದೂರಲ್ಲಿ ಶವಸಂಸ್ಕಾರದ ವ್ಯಾಪಾರ ಮಾಡೋನೊಬ್ಬ ಇದ್ದ. ಅವನ ಪ್ರತಿಸ್ಪರ್ಧಿಯ ಹೆಂಡತಿಗೇ ಎಕ್ಸ್‌ಚೇಂಜಲ್ಲಿ ಕೆಲಸ. ಯಾರ ಮನೇಲಿ ಸಾವಾದ್ರೂ ಫೋನನ್ನ ತನ್ನ ಗಂಡನ ಕಡೆಗೇ ತಿರುಗಿಸ್ತಾಳೆ ಅಂತ ಇವನಿಗೆ ಅನುಮಾನ. ಆ ಸಿಟ್ಟಿಗೆ, ಮಧ್ಯೆ ಯಾರೂ ಬೇಡದ, ತಾನಾಗಿ ಲೈನ್ ಕೊಡೋ ಎಕ್ಸ್‌ಚೇಂಜ್ ಕಂಡುಹಿಡಿದ ಅಂತ ಕತೆ."

ಟೀಮಿನ ಹಿರಿಯ ಸ್ವೀಡಿಷ್ ಎಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡ. "ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಇದು ಹೆಣದ ಜಗಳದಿಂದ ಹುಟ್ಟಿದ್ದು ಅಂತ ಯಾರೂ ನನಗೆ ಹೇಳಲಿಲ್ಲ," ಅಂದ.

ಸೋಮವಾರ ಯಜಮಾನರ ಆಫೀಸಿಗೆ ಫೋನ್ ಮಾಡಿದೆ. ಆ ಹಿರಿಯನೇ ಎತ್ತಿದ. ಹಲೋ ಇಲ್ಲ, ಸ್ವೀಡಿಷರ ನಮಸ್ಕಾರ 'ಹೇಯ್' ಕೂಡ ಇಲ್ಲ. ಗಂಭೀರವಾಗಿ ಕೇಳಿದ: "ಯಾರು ಹೋದ್ರು?"

ಜಿಪ್ಪಿನ ಪ್ರಾತ್ಯಕ್ಷಿಕೆ

ಜಿಪ್ಪಿನ ಮೇಲೆ ನಮ್ಮ ಮುಖ್ಯಸ್ಥೆಗೆ ವಿಶೇಷ ಮಮಕಾರ. ಅಮೆರಿಕದವನು ಕಂಡುಹಿಡಿದ ಮೊದಲ ಜಿಪ್ಪು ಸಿಕ್ಕಿಹಾಕಿಕೊಳ್ತಿತ್ತು, ಅದನ್ನ ಆಮೇಲೆ ನೆಟ್ಟಗೆ ಮಾಡಿದ್ದು ಸ್ವೀಡನ್ನಿಂದ ಹೋದವನು ಅಂತ. "ಈಗಿನ ಜಿಪ್ಪು ಕೈಕೊಡಲ್ಲ ಅನ್ನೋದನ್ನ ಒತ್ತಿ ಹೇಳು," ಅಂದಿದ್ದರು.

ಜನವರಿ ತಿಂಗಳು. ಬಸ್ ತಪ್ಪಿ, ಓಡೋಡಿ ಬಂದು ಜಾಕೆಟ್ ಬಿಚ್ಚೋಕೆ ಹೋದರೆ ಜಿಪ್ಪು ಕತ್ತಿನ ಹತ್ತಿರ ಕಚ್ಚಿಕೊಂಡಿದೆ. ಎಳೆದೆ, ಜಗ್ಗಿದೆ, ಊಹೂಂ. ಹೊರಗೆ ನಿವೃತ್ತರ ಗುಂಪು ಕಾಯ್ತಾ ಇದೆ. ಮೊಣಕಾಲಿನವರೆಗಿನ ಜಾಕೆಟ್ಟಿನಲ್ಲೇ, ಹೀಟರ್ ಹಾಕಿದ ಹಾಲಿನಲ್ಲಿ, ಮುಕ್ಕಾಲು ಗಂಟೆ ಬಲ್ಬು, ಫೋನು ಎಲ್ಲ ವಿವರಿಸಿದೆ. ಬೆವರು ಕಣ್ಣಿಗಿಳೀತಿದೆ. ಕೊನೆಗೆ ಜಿಪ್ಪಿನ ಮುಂದೆ ಬಂದು, "ಇದು ಎಂದೂ ಕೈಕೊಡಲ್ಲ," ಅಂದೆ.

ಅಜ್ಜಿಯೊಬ್ಬರು ಕನಿಕರದಿಂದ, "ಹಾಗಾದ್ರೆ ಆ ಜಾಕೆಟ್ ಬಿಚ್ಚಮ್ಮ," ಅಂದರು.

ಆಗಲಿಲ್ಲ. ಇಬ್ಬರು ಅಜ್ಜಂದಿರು ನನ್ನ ಕಾಲರ್ ಹಿಡಿದು ಎಳೆದರು. ಗುಂಪೆಲ್ಲ ಬಿದ್ದು ಬಿದ್ದು ನಕ್ಕಿತು. ಬಾಗಿಲಲ್ಲಿ ಮುಖ್ಯಸ್ಥೆ! ನನ್ನ ಕೆಲಸ ಅಲ್ಲಿಗೆ ಮುಗೀತು ಅಂದುಕೊಂಡೆ. ಅವರು ಬಂದು ಕೈಕುಲುಕಿದರು. "ಮೊದಲ ಜಿಪ್ಪಿನ ಕಷ್ಟವನ್ನ ಎಷ್ಟು ಚೆನ್ನಾಗಿ ತೋರಿಸಿದೆ! ನಾಳೆಯಿಂದ ದಿನಾ ಹೀಗೇ ಮಾಡು."

ಪಾತ್ರೆ ತೊಳೆಯೋ ಮೆಷಿನ್ನು

ಬೇಸಿಗೆಗೆ ಮೈಸೂರಿಂದ ನಮ್ಮತ್ತೆ ಬಂದರು. ಇಲ್ಲಿ ಅವರ ಮಗನೇ ಪಾತ್ರೆ ತೊಳೀತಾರೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತ ಯಜಮಾನರೇ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು.

ಮ್ಯೂಸಿಯಮ್ಮಿಗೆ ಕರಕೊಂಡು ಹೋದೆವು. ಪಾತ್ರೆ ತೊಳೆಯೋ ಯಂತ್ರದ ಮುಂದೆ ಅತ್ತೆ ನಿಂತೇಬಿಟ್ಟರು. "ಇದನ್ನ ಯಾರೇ ಕಂಡುಹಿಡಿದಿದ್ದು?"

"ಅಮೆರಿಕದ ಒಬ್ಬ ಸಾಹುಕಾರ ಹೆಂಗಸು, ಅತ್ತೆ. ಕೆಲಸದವರು ಪಿಂಗಾಣಿ ತಟ್ಟೆಗಳ ಅಂಚು ಒಡೀತಿದ್ರು ಅಂತ."

"ನಿಮ್ಮನೇಲಿ ಯಾರು ತೊಳೀತಾರೆ? ಬಂದಾಗಿಂದ ನೀನು ಸಿಂಕಿನ ಹತ್ತಿರ ಹೋಗಿದ್ದೇ ನೋಡಿಲ್ಲ."

ನಾನು ಬಾಯಿ ಬಿಡೋಕೆ ಮೊದಲೇ ಯಜಮಾನರು, "ನಮ್ಮಲ್ಲೂ ಮೆಷಿನ್ ಇದೆ ಅಮ್ಮ," ಅಂದರು.

ಮನೆಗೆ ಬಂದು ಅತ್ತೆ ಒಂದೊಂದೇ ಕಪಾಟು ತೆಗೆದು ನೋಡಿದರು. ಮೆಷಿನ್ನು ಎಲ್ಲೂ ಕಾಣಲಿಲ್ಲ. ಊಟ ಆಯ್ತು, ಮಲಗ್ತೀನಿ ಅಂತ ಒಳಗೆ ಹೋದರು. ಯಜಮಾನರು ಹಳದಿ ಗ್ಲೌಸ್ ಹಾಕಿಕೊಂಡು ಕುಕ್ಕರ್ ತಿಕ್ಕುತ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ಅತ್ತೆ ಪ್ರತ್ಯಕ್ಷ. ಮಗನನ್ನ ಮೇಲಿಂದ ಕೆಳಗೆ ನೋಡಿದರು.

"ಮೆಷಿನ್ನು ಚೆನ್ನಾಗಿದೆ ಕಣೋ. ಸದ್ದೇ ಇಲ್ಲ. ತಗೋ, ನನ್ನ ಹಾಲಿನ ಲೋಟಾನೂ ಹಾಕು."

ಆಶೀರ್ವಾದ

ಪ್ರದರ್ಶನದಲ್ಲಿ ಹಳೇ ಮಾದರಿಯ ಫೋನೋಗ್ರಾಫ್ ಇತ್ತು. ಕೊಳವೆಯೊಳಗೆ ಮಾತಾಡಿದರೆ ಮೇಣದ ಉರುಳೆಯ ಮೇಲೆ ಧ್ವನಿ ಕೊರೆದುಕೊಳ್ಳುತ್ತೆ, ಆಮೇಲೆ ಕೇಳಬಹುದು. ಮುಖ್ಯಸ್ಥೆ ಅತ್ತೆಯನ್ನ ಪ್ರೀತಿಯಿಂದ ಅದರ ಮುಂದೆ ನಿಲ್ಲಿಸಿದರು. ಮಾತು ಅದರಲ್ಲಿ ಉಳಿಯುತ್ತೆ ಅಂತ ಅತ್ತೆಗೆ ಹೊಳೆದಿರಲಿಲ್ಲ, ಏನೋ ಹಳೇ ಊದುಗೊಳವೆ ಅಂದುಕೊಂಡಿರಬೇಕು. ಆರಡಿ ಎತ್ತರದ ಮುಖ್ಯಸ್ಥೆಯನ್ನೇ ನೋಡುತ್ತಾ, ಕೊಳವೆಗೆ ಬಾಯಿಟ್ಟು ನನಗೆ ಹೇಳಿದರು:

"ಇವಳೇನೇ ನಿನ್ನ ಮೇಲಿನೋಳು? ಒಣಗಿದ ನುಗ್ಗೆಕಾಯಿ! ಹೊಟ್ಟೆಗೇನೂ ತಿನ್ನಲ್ವಾ? ಮನೆಗೆ ಕರಿ, ಬಿಸಿಬೇಳೆಬಾತ್ ಹಾಕಿ ನೆಟ್ಟಗೆ ಮಾಡಿ ಕಳಿಸ್ತೀನಿ."

"ಏನಂದ್ರು?" ಅಂತ ಮುಖ್ಯಸ್ಥೆ ಕೇಳಿದರು. ನನ್ನ ಆರು ತಿಂಗಳು ಮುಗಿಯೋಕೆ ಇನ್ನು ಹತ್ತೇ ದಿನ. "ಆಶೀರ್ವಾದ ಮಾಡಿದ್ರು," ಅಂದೆ.

ಮುಂದಿನ ಭಾನುವಾರ ಕನ್ನಡ ಬಳಗದ ಮೂವತ್ತು ಜನ ಬಂದರು. ಮುಖ್ಯಸ್ಥೆ ಉರುಳೆ ಹಚ್ಚಿ, "ನಿಮ್ಮ ಹಿರಿಯರ ಆಶೀರ್ವಾದ ಕೇಳಿ," ಅಂದರು. ಕೇಳಿದರು. ಒಬ್ಬರು ಗೋಡೆ ಹಿಡಿದುಕೊಂಡರು, ಇನ್ನೊಬ್ಬರು ನೆಲದ ಮೇಲೇ ಕೂತರು. ಅಷ್ಟು ಸಂತೋಷ ನೋಡಿ ಮುಖ್ಯಸ್ಥೆ ಇನ್ನೊಂದು ಸಲ ಹಾಕಿದರು, ಮಧ್ಯದ ಎರಡು ಪದ ಬಾಯಿಪಾಠವನ್ನೂ ಮಾಡಿಕೊಂಡರು. ಮಾರನೇ ದಿನ ನನ್ನ ಕೆಲಸ ಕಾಯಂ.

ಅತ್ತೆ ಊರಿಗೆ ಹೊರಟ ದಿನ ಮುಖ್ಯಸ್ಥೆ ಹೂಗುಚ್ಛ ಹಿಡಿದು ಮನೆಗೇ ಬಂದರು. ನಾನು ತಡೆಯೋಕೆ ಮೊದಲೇ ನಮ್ಮತ್ತೆಗೆ ಬಗ್ಗಿ ಕೈಮುಗಿದು, ಸ್ಪಷ್ಟ ಕನ್ನಡದಲ್ಲಿ, "ಒಣಗಿದ ನುಗ್ಗೆಕಾಯಿ!" ಅಂದರು.

ತೊಂಬತ್ತು ಕೆಜಿಯ ನಮ್ಮತ್ತೆ ಒಂದು ಕ್ಷಣ ಕಣ್ಣರಳಿಸಿ ನಿಂತರು. ಆಮೇಲೆ ನಾಚಿಕೊಂಡು ಸೆರಗು ಹೊದ್ದು ನನ್ನ ಕಡೆ ತಿರುಗಿದರು. "ನೋಡೇ, ಮದುವೆ ಆದಾಗಿಂದ ನನ್ನನ್ನ ಸಣ್ಣ ಇದೀಯ ಅಂದೋಳು ಇವಳೊಬ್ಬಳೇ!"